ಬಲಗಡೆಯ ಜೋಡಿ

ಬ್ರೇಕ್ ತುಳಿದರೆ ಗಾಡಿ ನಿಲ್ಲಬೇಕು, ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಈಸೂರಿನ ತಿಪ್ಪೇಶ ತನ್ನ ಹಳೇ ವ್ಯಾನಿನಿಂದ ಎಂದೂ ಕೇಳಿದವನಲ್ಲ. ಅದರ ಹಾರನ್ನು ಕೆಮ್ಮಿದರೂ ಸುಮ್ಮನಿದ್ದ. ಎಡಗಡೆಯ ಜಾರುವ ಬಾಗಿಲು ದಿನಾ ಬೆಳಿಗ್ಗೆ ಊರಿಗೆಲ್ಲ ಕೇಳುವಂತೆ ಕಿರುಚಿದರೂ ಸುಮ್ಮನಿದ್ದ. ಆದರೆ ಮುಂದಿನ ಗಾಲಿಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ದಿನದಿಂದ ವ್ಯಾನು ಒಂದು ಚಾಳಿ ಕಲಿತಿತ್ತು. ಬ್ರೇಕ್ ತುಳಿದರೆ ಸಾಕು, ಎಡಕ್ಕೆ ಎಳೆಯುತ್ತಿತ್ತು. ಸವೆದುಹೋದ ಹಳೇ ಪ್ಯಾಡಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದ ಗಾಡಿ ಹೊಸದು ಬಿದ್ದ ಮೇಲೆ ಕೆಟ್ಟಿತು. ಸೊಸೆ ಬಂದ ಮೇಲೆ ಮನೆ ಕೆಟ್ಟಿತು ಅಂತ ಅತ್ತೆಯರು ಸುಳ್ಳು ಹೇಳುವುದುಂಟು. ಇಲ್ಲಿ ಮಾತ್ರ ನಿಜವಾಗಿ ಹಾಗೇ ಆಗಿತ್ತು.

ಎಡಗಡೆ ಎಂದರೆ ಮಕ್ಕಳು ನಿಲ್ಲುವ ಕಡೆ. ದಿನಾ ಅವನ ವ್ಯಾನಿನಲ್ಲಿ ಶಿಕಾರಿಪುರದ ಶಾಲೆಗೆ ಹೋಗುವ ಮಕ್ಕಳು ತಿಂಡಿ ಡಬ್ಬಿ ಹಿಡಿದುಕೊಂಡು ಕಲ್ಲುಕಟ್ಟೆಯ ಪಕ್ಕ ಸಾಲಾಗಿ ನಿಂತಿರುತ್ತಿದ್ದರು. ಪ್ಯಾಡ್ ಹಾಕಿಸಿಕೊಂಡು ಊರಿಗೆ ಬರುವಾಗಲೇ ಗಾಡಿ ಸ್ವಲ್ಪ ವಾಲಿದ್ದು ತಿಪ್ಪೇಶನಿಗೆ ಗೊತ್ತಾಗಿತ್ತು. ಹೊಸ ಪ್ಯಾಡು ಹೊಂದಿಕೊಳ್ಳಲು ಒಂದೆರಡು ದಿನ ಬೇಕು ಎಂದು ಎಲ್ಲರೂ ಹೇಳುವುದನ್ನೇ ತಾನೂ ಹೇಳಿಕೊಂಡು ಸುಮ್ಮನಾಗಿದ್ದ. ಮಾರನೆಯ ಬೆಳಿಗ್ಗೆ ಕಟ್ಟೆಯ ಹತ್ತಿರ ಎಂದಿನಂತೆ ಬ್ರೇಕ್ ತುಳಿದಾಗ ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ತಿರುಗಿತು. ಮಕ್ಕಳು ಕಿರುಚಿ ಹಿಂದಕ್ಕೆ ಸರಿದರು. ಒಂದು ಶಾಲೆ ಬ್ಯಾಗು ಗಾಲಿಯಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಬ್ಯಾಗು ಮಾತ್ರ. ಆದರೆ ಆ ಬ್ಯಾಗಿನ ಪಟ್ಟಿಯನ್ನು ಅರೆಗಳಿಗೆ ಮುಂಚೆ ಹಿಡಿದು ನಿಂತಿದ್ದವಳು ಅವನದೇ ಮಗಳು ಧನ್ಯಾ, ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡವಳು ಅವನ ಹೆಂಡತಿ ಸಂಗೀತ.

ಸಂಗೀತ ಅಲ್ಲಿ ಕೂಗಾಡಲಿಲ್ಲ. ಮನೆಗೆ ಬಂದ ಮೇಲೆ ಹೇಳಿದಳು.

"ನೋಡ್ರಿ, ಅದು ನೆಟ್ಟಗೆ ನಿಲ್ಲೋ ತನಕ ನನ್ ಮಗಳನ್ನ ಅದ್ರಾಗೆ ಕೂರ್ಸಲ್ಲ. ಬೇರೆಯೋರ ಮಕ್ಳ ಮಾತು ನಿಮಗೆ ಬಿಟ್ಟಿದ್ದು."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ತಿಪ್ಪೇಶನಿಗೆ ಆಗಲಿಲ್ಲ. ಧನ್ಯಾ ಬಸ್ಸಿನಲ್ಲಿ ಹೋಗತೊಡಗಿದಳು. ಅವನು ಎಲ್ಲೂ ಬ್ರೇಕ್ ತುಳಿಯದೆ, ದೂರದಿಂದಲೇ ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಟ್ಟೆಯಿಂದ ಅಷ್ಟು ದೂರದಲ್ಲೇ ನಿಲ್ಲಿಸಿ ಮಕ್ಕಳನ್ನು ಕರೆಯುತ್ತಿದ್ದ. ಬಸ್ಸು ಅವನನ್ನು ಹಿಂದೆ ಹಾಕಿ ಹೋಗುವಾಗ ಕಿಟಕಿಯಲ್ಲಿ ಧನ್ಯಾ ಕೈ ಬೀಸುತ್ತಿದ್ದಳು. ಅದು ಅವನಿಗೆ ಗಾಯದ ಮೇಲೆ ಬರೆ ಎಳೆದಂತೆ ಆಗುತ್ತಿತ್ತು. ಇಬ್ಬರು ಮೊಮ್ಮಕ್ಕಳನ್ನು ವ್ಯಾನಿಗೆ ಕಳಿಸುತ್ತಿದ್ದ ಯಮುನಮ್ಮ ಬಾಯಿ ಬಿಟ್ಟೇ ಹೇಳಿದಳು: "ಡ್ರೈವರ್ ಮಗಳೇ ಹತ್ತದ ಗಾಡಿಗೆ ನಮ್ ಹುಡುಗ್ರುನ್ನ ಹೆಂಗಪ್ಪ ಹತ್ಸೋದು? ಬರೋ ಸೋಮವಾರದ ತನಕ ನೋಡ್ತೀನಿ. ಆಮೇಲೆ ನಮ್ ದಾರಿ ನಮಗೆ." ಯಮುನಮ್ಮ ಒಬ್ಬಳು ಬಿಟ್ಟರೆ ಮಿಕ್ಕವರು ಅವಳ ಹಿಂದೆಯೇ ಹೊರಡುವವರು. ಕುರಿ ಮಂದೆಯನ್ನು ಕಂಡು ಬೆಳೆದ ತಿಪ್ಪೇಶನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಿಕಾರಿಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಮಹೇಶ್ವರಪ್ಪ ಮೇಸ್ತ್ರಿಯ ಗ್ಯಾರೇಜು. ವ್ಯಾನು ಕೊಂಡಾಗಿನಿಂದ ಅದರ ಹೊಟ್ಟೆ ಕೊಯ್ದವನು ಅವನೊಬ್ಬನೇ. ವಯಸ್ಸಾಗಿತ್ತು, ಮಂಡಿ ಹಿಡಿದುಕೊಂಡು ಏಳುತ್ತಿದ್ದ, ಆದರೂ ಕೆಲಸದಲ್ಲಿ ಮೋಸ ಇರಲಿಲ್ಲ.

"ಎಡಕ್ಕೆ ಎಳೀತೈತೆ ಅಂದ್ರೆ ಎಡಗಡೇದೇ ಏನೋ ಹಿಡ್ಕಂತೈತೆ ಕಣೋ ತಿಪ್ಪೇಶಿ" ಎಂದು ಅವನು ಮೊದಲ ದಿನವೇ ತೀರ್ಮಾನ ಕೊಟ್ಟುಬಿಟ್ಟ.

ಮೊದಲು ಟೈರಿನ ಗಾಳಿ ನೋಡಿದ. ಸರಿ ಇತ್ತು. ಅಲೈನ್‌ಮೆಂಟ್ ಮಾಡಿಸಿದರು. ಎಡಗಾಲಿ ಬಿಚ್ಚಿ, ಪ್ಯಾಡನ್ನು ಒತ್ತುವ ಪಿಸ್ಟನ್ನು ಸಲೀಸಾಗಿ ಹಿಂದೆ ಮುಂದೆ ಓಡುತ್ತದೆಯೇ ಎಂದು ಒತ್ತಿ ಒತ್ತಿ ನೋಡಿದ. ಓಡುತ್ತಿತ್ತು. ಪೈಪಿನಲ್ಲಿ ಗಾಳಿ ಸಿಕ್ಕಿರಬೇಕು ಎಂದು ಬ್ರೇಕ್ ಆಯಿಲಿನ ಗಾಳಿ ತೆಗೆಯಲು ಕುಳಿತ. ತಿಪ್ಪೇಶ ಸೀಟಿನಲ್ಲಿ, ಮೇಸ್ತ್ರಿ ಗಾಲಿಯ ಹತ್ತಿರ ನೆಲದ ಮೇಲೆ.

"ಒತ್ತು."

"ಒತ್ತೀನಿ."

"ಹಿಡ್ಕ. ಬಿಡಬ್ಯಾಡ."

"ಹಿಡ್ದೀನಿ."

"ಬಿಡು. ಒತ್ತು."

ಮಧ್ಯಾಹ್ನವೆಲ್ಲ ಇದೇ ಭಜನೆ. ಕಾಲು ಜೋಮು ಹಿಡಿಯಿತೇ ಹೊರತು ಗಾಡಿ ಬುದ್ಧಿ ಕಲಿಯಲಿಲ್ಲ. ಕೊನೆಗೆ ಮೇಸ್ತ್ರಿ ಬೆವರು ಒರೆಸಿಕೊಂಡು, "ನಿಮ್ಮೂರ ರೋಡೇ ಎಡಕ್ಕೆ ವಾಲೈತೇನೋ" ಎಂದ.

"ಕುಣಿಯಾಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದ ತಿಪ್ಪೇಶ. ಆಗ ಇಬ್ಬರೂ ನಕ್ಕಿದ್ದರು. ಆಗಿನ್ನೂ ನಗಲು ಚೈತನ್ಯವಿತ್ತು.

ಆಮೇಲೆ ಅನುಮಾನ ಪ್ಯಾಡಿನ ಮೇಲೆ ಬಂತು. ಮಹೇಶ್ವರಪ್ಪನ ಗ್ಯಾರೇಜಿನಲ್ಲಿ ಸಾಮಾನು ಗಿರಾಕಿಯೇ ತರಬೇಕು, ಹಾಕುವುದಷ್ಟೇ ಮೇಸ್ತ್ರಿ ಕೆಲಸ. ಗಾಡಿ ಕೆಟ್ಟರೆ ಮೇಸ್ತ್ರಿ ಅಂಗಡಿಯವನನ್ನು ತೋರಿಸುತ್ತಾನೆ, ಅಂಗಡಿಯವನು ಮೇಸ್ತ್ರಿಯನ್ನು ತೋರಿಸುತ್ತಾನೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಗಾಡಿಯವನು ಮಾತ್ರ ನಿಂತಲ್ಲೇ ನಿಂತ. ಮಾಲು ಡೂಪ್ಲಿಕೇಟೇ ಇರಬೇಕೆಂದು ತಿಪ್ಪೇಶ ಬೇರೆ ಅಂಗಡಿಯಿಂದ ಮತ್ತೊಂದು ಸೆಟ್ ತಂದ. ತಂದು, ಮೊದಲಿನ ಸಲದಂತೆಯೇ ಸಂಜೆ ಅವ್ವನ ಕೈಗೆ ಕೊಟ್ಟ.

ಅವನ ಅವ್ವ ಹಾಲಮ್ಮನದು ಒಂದು ಪದ್ಧತಿ. ಮನೆಗೆ ಹೊಸ ಕಬ್ಬಿಣ ಬಂದರೆ ಒಂದು ರಾತ್ರಿ ದೇವರ ಮುಂದೆ ಇರಬೇಕು. ಗಂಡ ಕರಿಯಣ್ಣ ಬದುಕಿದ್ದಾಗ ನೇಗಿಲ ಕುಡ, ಕುಡುಗೋಲು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಎಲ್ಲವೂ ಹಾಗೆ ದೇವರ ಗೂಡಿನ ಮುಂದೆ ಒಂದು ರಾತ್ರಿ ಕಳೆದೇ ಹೊಲಕ್ಕೆ ಇಳಿದದ್ದು. ಈಗ ಹೊಲ ಉಳುವುದು ಬಾಡಿಗೆ ಟ್ರ್ಯಾಕ್ಟರು. ಮನೆಗೆ ಬರುವ ಹೊಸ ಕಬ್ಬಿಣವೆಂದರೆ ವ್ಯಾನಿನ ಸಾಮಾನು ಮಾತ್ರ. ಬೆಳಿಗ್ಗೆ ತಿಪ್ಪೇಶ ಎದ್ದು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಪ್ಯಾಡುಗಳ ಬೆನ್ನಿಗೆ ಕುಂಕುಮ ಇಟ್ಟು, ಎರಡನ್ನು ಡಬ್ಬದಲ್ಲಿಟ್ಟು, ಇನ್ನೆರಡನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿರುತ್ತಿದ್ದಳು.

"ಬಟ್ಟೇಲಿರೋದು ಬಲಗಡೆಗೆ ಹಾಕ್ಸು ಮಗಾ" ಎನ್ನುತ್ತಿದ್ದಳು. ಎತ್ತಿನ ಜೋಡಿಯಲ್ಲೂ ಮೊದಲ ಪೂಜೆ ಬಲಗಡೆಯ ಎತ್ತಿಗೇ ಅಲ್ಲವೇ? ತಿಪ್ಪೇಶ ಹೂಂ ಅನ್ನುತ್ತಿದ್ದ. ಗ್ಯಾರೇಜಿನಲ್ಲಿ ಮಹೇಶ್ವರಪ್ಪ ಕುಂಕುಮ ಕಂಡು ಕಣ್ಣಿಗೊತ್ತಿಕೊಂಡು, ಬಟ್ಟೆಯದನ್ನು ಬಲಕ್ಕೆ, ಡಬ್ಬದ್ದನ್ನು ಎಡಕ್ಕೆ ಹಾಕುತ್ತಿದ್ದ. ಯಾರ ಮನೆಯ ಸಾಮಾನಿಗೆ ಕುಂಕುಮ ಇರುವುದಿಲ್ಲ?

ಎರಡನೇ ಸೆಟ್ಟಿಗೂ ವ್ಯಾನು ಎಡಕ್ಕೇ ಎಳೆಯಿತು. ಆ ದಿನ ತಿಪ್ಪೇಶನ ತಲೆ ಕೆಟ್ಟಿತು. ಗ್ಯಾರೇಜಿನಲ್ಲಿ ಜನ ಇದ್ದರು ಎನ್ನುವುದನ್ನೂ ನೋಡದೆ, "ನಿನಗೆ ಕೈ ಹೋಗೈತೆ, ಕಣ್ಣೂ ಹೋಗೈತೆ, ಮುಚ್ಚಿ ಮನೇಲಿ ಕುಂತ್ಕ" ಎಂದುಬಿಟ್ಟ. ಮಹೇಶ್ವರಪ್ಪ ತಿರುಗಿ ಬೈಯಲಿಲ್ಲ. ಸ್ಪ್ಯಾನರು ಕೆಳಗಿಟ್ಟು ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಂಡ.

"ಇರ್ಬೋದು ಕಣಪ್ಪ. ಸೊರಬದಾಗೆ ಮಾಬ್ಲೇಶ್ವರ ಅಂತ ಅದಾನೆ. ಅವನ್ ಹತ್ರ ಹೋಗು. ನನಗೆ ಸಾಕಾಗೈತೆ."

ಬೈದಿದ್ದರೆ ತಿಪ್ಪೇಶನಿಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಸೊರಬಕ್ಕೆ ಹೊರಟಾಗ ಹಾಲಮ್ಮ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಒಳಗೆ ಅವನು ತಂದುಕೊಟ್ಟಿದ್ದ ಮೂರನೇ ಸೆಟ್ಟು. ಎರಡು ಸಲ ದೇವರು ಕೈ ಹಿಡಿಯಲಿಲ್ಲವೆಂದರೆ ತನ್ನ ಭಕ್ತಿಯಲ್ಲೇ ಏನೋ ಕಮ್ಮಿಯಾಗಿದೆ ಎಂದುಕೊಂಡು ಅವಳು ಶನಿವಾರ ಒಪ್ಪತ್ತು ಮಾಡಿದ್ದಳು.

"ಈ ಸಾರಿ ಚೆಂದಾಗಿ ಬೇಡ್ಕಂಡೀನಿ ಮಗಾ. ಕೂಸು ನಾಳೆ ನಿನ್ ಗಾಡೀಲೇ ಹೋಗ್ತಾಳೆ ನೋಡು. ಬಲಗಡೇದು ಬಟ್ಟೇಲೈತೆ, ಮರೀಬ್ಯಾಡ."

ತಿಪ್ಪೇಶ ಚೀಲ ತೆಗೆದುಕೊಂಡು ಹೊರಟ. ದಾರಿಯುದ್ದಕ್ಕೂ ಬ್ರೇಕ್ ತುಳಿಯದೆ ಗಾಡಿ ಓಡಿಸುವುದೆಂದರೆ ಮಾತೇ ಆಡದೆ ಸಂಸಾರ ಮಾಡಿದ ಹಾಗೆ. ಮಾಡಬಹುದು, ಆದರೆ ಮೈಮೇಲಿನ ಎಚ್ಚರ ಒಂದು ಗಳಿಗೆ ತಪ್ಪುವಂತಿಲ್ಲ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಭುಜಗಳು ಕಲ್ಲಾಗಿದ್ದವು. ಇದೂ ಆಗದಿದ್ದರೆ ವ್ಯಾನು ಮಾರಿ ಯಾರದ್ದಾದರೂ ಲಾರಿಗೆ ಡ್ರೈವರಾಗಿ ಹೋಗುವುದು ಎಂದುಕೊಂಡ. ಹಾಗೆ ಅಂದುಕೊಂಡಾಗ ದುಃಖವೂ ಆಗಲಿಲ್ಲ. ಅಷ್ಟು ಸಾಕಾಗಿಹೋಗಿತ್ತು.

ಮಾಬ್ಲೇಶ್ವರ ಅಡಿಕೆ ತೋಟದವರ ಮನೆಯವನು. ಡಿಪ್ಲೊಮಾ ಓದಿ, ತೋಟವನ್ನು ಅಣ್ಣನಿಗೆ ಒಪ್ಪಿಸಿ, ಸೊರಬದ ಪೇಟೆಯ ಅಂಚಿನಲ್ಲಿ ಗ್ಯಾರೇಜು ಹಾಕಿದ್ದ. ಅವಸರ ಎನ್ನುವುದು ಅವನ ಕಡೆ ಸುಳಿದ ಹಾಗೆ ಕಾಣಲಿಲ್ಲ.

"ಎಂತಾತು ಮಾರಾಯ, ಮುಖ ಹೀಂಗಾಗಿದೆ? ಮೊದ್ಲು ಚಾ ಕುಡಿ."

ತಿಪ್ಪೇಶ ಚಾ ಕುಡಿಯುತ್ತ ಕಥೆಯೆಲ್ಲ ಹೇಳಿದ. ಮಾಬ್ಲೇಶ್ವರ ಸ್ಪ್ಯಾನರನ್ನೇ ಮುಟ್ಟದೆ ಸ್ಟೇರಿಂಗ್ ಹಿಡಿದು ಕುಳಿತ. ಖಾಲಿ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ, ಮತ್ತೆ ಓಡಿಸಿ, ಮತ್ತೆ ಒತ್ತಿ, ವಾಪಸು ತಂದು ನಿಲ್ಲಿಸಿದ. ಇಳಿದವನೇ ಎಡಗಾಲಿಯ ಹತ್ತಿರ ಕೈ ಒಡ್ಡಿ ತಟ್ಟನೆ ಹಿಂದಕ್ಕೆ ತೆಗೆದುಕೊಂಡ. ಬಲಗಾಲಿಯ ಹತ್ತಿರ ಹೋಗಿ ಕೈ ಒಡ್ಡಿದ, ಹಾಗೇ ಇಟ್ಟುಕೊಂಡು ನಿಂತ.

"ನೀನೂ ಮುಟ್ಟಿ ನೋಡು."

ಎಡಗಾಲಿ ಕಾದ ಹಂಚಾಗಿತ್ತು. ಬಲಗಾಲಿ ಉಗುರು ಬೆಚ್ಚಗಿತ್ತು.

"ನೀವು ಇಷ್ಟು ದಿನ ಎಡಗಡೆಯವನನ್ನ ಹಿಡಿದು ಬಡಿದಿದ್ದೀರಿ. ಅವ ಪಾಪ ಸರಿಯಾಗೇ ಹಿಡೀತಾನೆ. ಬಲಗಡೆಯವ ಹಿಡಿಯೂದೇ ಇಲ್ಲ. ಒಬ್ಬ ನಿಂತು ಒಬ್ಬ ಓಡಿದ್ರೆ ಗಾಡಿ ತಿರುಗ್ದೆ ಎಂತ ಮಾಡ್ತದೆ?"

ಬಲಗಾಲಿ ಬಿಚ್ಚಿದ. ಪಿಸ್ಟನ್ನು ಸರಿ ಇತ್ತು, ಆಯಿಲು ಸರಿಯಾಗಿ ಬರುತ್ತಿತ್ತು, ಎಲ್ಲೂ ಸೋರಿರಲಿಲ್ಲ. ಪ್ಯಾಡು ಹೊರಗೆ ಬಂದಾಗ ಅದರ ಮುಖ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಎಡಗಡೆಯದನ್ನು ಪಕ್ಕದಲ್ಲಿಟ್ಟ. ಅದು ಸೀಮೆಸುಣ್ಣದ ಹಾಗೆ ಒಣಗಿತ್ತು.

"ಇದು ಎಣ್ಣೆ ಕುಡಿದಿದೆ. ಹೊಟ್ಟೆ ತುಂಬಾ ಕುಡಿದಿದೆ" ಎಂದು ಮಾಬ್ಲೇಶ್ವರ ಮೂಗಿನ ಹತ್ತಿರ ಹಿಡಿದ. "ಬ್ರೇಕ್ ಆಯಿಲ್ ಅಲ್ಲ, ಗ್ರೀಸೂ ಅಲ್ಲ. ಎಂತದ್ದು ಇದು?"

ತಿಪ್ಪೇಶ ಕೈಗೆ ತೆಗೆದುಕೊಂಡು ಮೂಸಿ ನೋಡಿದ.

ಸುಟ್ಟ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಅವನ ಹೊಲದ ಬದುವಿನಲ್ಲಿ ಬೆಳೆದ ಹರಳನ್ನು ಹುರಿದು, ಕುಟ್ಟಿ, ಮಡಕೆಯಲ್ಲಿ ಕುದಿಸಿ ಅವ್ವ ತೆಗೆಯುವ ಹರಳೆಣ್ಣೆ. ದೇವರ ದೀಪಕ್ಕೆ ಅದೇ, ಹೊಟ್ಟೆ ಉರಿದರೆ ಹೊಕ್ಕುಳಿಗೆ ಅದೇ. ಚಿಕ್ಕಂದಿನಲ್ಲಿ ಅವನನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಕೂರಿಸಿಕೊಂಡು ನೆತ್ತಿಗೆ ತಟ್ಟುತ್ತಿದ್ದುದೂ ಅದೇ. ಅಂಗಡಿಯ ಯಾವ ಬಾಟಲಿಯಲ್ಲೂ ಸಿಗದ ಆ ಮಂದ ಕಮಟು ಬ್ರೇಕಿನ ಪ್ಯಾಡಿನಲ್ಲಿ ಕುಳಿತಿತ್ತು.

"ಗೊತ್ತಿಲ್ರೀ" ಎಂದ ತಿಪ್ಪೇಶ. ಹಾಗೆಂದವನೇ ವ್ಯಾನಿನಿಂದ ಚೀಲ ತಂದು ಬಟ್ಟೆಯ ಗಂಟು ಬಿಚ್ಚಿದ. ಹೊಸ ಪ್ಯಾಡುಗಳ ಬೆನ್ನಿಗೆ ಕುಂಕುಮ. ಮುಖ ಸವರಿದರೆ ಬೆರಳು ಜಾರಿತು. ಅವ್ವ ಬಲಗಡೆಯ ಜೋಡಿಗೆ ಮಾತ್ರ ದೇವರ ಎಣ್ಣೆ ಹಚ್ಚಿ, ಇಂಗುವ ತನಕ ಬಿಟ್ಟು, ಮೇಲಿನದನ್ನು ಚೊಕ್ಕವಾಗಿ ಒರೆಸಿದ್ದಳು. ಈ ಸಲ ಒಪ್ಪತ್ತು ಮಾಡಿ ಬೇಡಿಕೊಂಡಿದ್ದಳಲ್ಲ, ಎಣ್ಣೆಯೂ ಧಾರಾಳವಾಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರೆ. ತಿಪ್ಪೇಶ ಎರಡು ತಾಲ್ಲೂಕು ಹುಡುಕಿದ್ದ.

ಅವನು ಗಾರೆ ನೆಲದ ಮೇಲೆ ಕುಳಿತುಬಿಟ್ಟ. ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಾಲಿಯಡಿ ಸಿಕ್ಕಿದ ಬ್ಯಾಗು ಮಾತ್ರ ಕಣ್ಣ ಮುಂದೆ ಬಂತು.

"ನಮ್ಮವ್ವ" ಎಂದ.

ಮಾಬ್ಲೇಶ್ವರ ಅವನ ಪಕ್ಕದಲ್ಲೇ ಕುಕ್ಕರಿಸಿದ. "ನನ್ನ ಹೆಂಡತಿ ವಾಗ್ದೇವಿ ಹೊಸ ಮಿಕ್ಸಿಗೆ ಅರಿಶಿನ ನೀರು ಹಾಕಿ ತೊಳೆದಿದ್ಲು, ಮೋಟರಿನ ಸಮೇತ. ಏಳು ಮಾರಾಯ. ಇವನ್ನ ತೊಳೆದ್ರೂ ಪ್ರಯೋಜನ ಇಲ್ಲ, ಒಳಗೆ ಇಳಿದು ಹೋಗಿದೆ. ಬೇರೆ ಸೆಟ್ ತರ್ಸ್ತೇನೆ."

ಹೊಸ ಸೆಟ್ಟು ಬಂತು. ಪ್ಯಾಡು ಹಿಡಿಯುವ ಡಿಸ್ಕನ್ನು ಪೆಟ್ರೋಲಿನಿಂದ ತೊಳೆದು ಒರೆಸಿದರು. ದೇವರನ್ನು ನೋಡದ ಆ ಪ್ಯಾಡುಗಳು ಅಂಗಡಿಯಿಂದ ನೇರವಾಗಿ ಗಾಲಿಗೆ ಹೋದವು. ಖಾಲಿ ರಸ್ತೆಯಲ್ಲಿ ತಿಪ್ಪೇಶ ಸ್ಟೇರಿಂಗಿನಿಂದ ಕೈ ತೆಗೆದು ಬ್ರೇಕ್ ತುಳಿದ. ವ್ಯಾನು ನೆಟ್ಟಗೆ ನಿಂತಿತು.

ವಾಪಸು ಬರುವಾಗ ಶಿಕಾರಿಪುರದಲ್ಲಿ ಇಳಿದು, ಮಹೇಶ್ವರಪ್ಪನ ಮುಂದೆ ಆ ಎಣ್ಣೆ ಪ್ಯಾಡು ಇಟ್ಟ. ಮೇಸ್ತ್ರಿ ಮೂಸಿ ನೋಡಿದ, ಹೆಬ್ಬೆರಳಿನಿಂದ ಉಜ್ಜಿದ.

"ನಾನೇ ಕಣ್ಣಿಗೊತ್ತಿಕೊಂಡು ಹಾಕಿದ್ನಲ್ಲೋ" ಎಂದ. ಆಮೇಲೆ, "ಹೋಗು. ಮನೇಲಿ ಕೂಗಾಡ್ಬ್ಯಾಡ. ಕೂಗಾಡೋದೆಲ್ಲ ನನ್ ಮೇಲೇ ಕೂಗಾಡಿ ಮುಗಿಸೀಯ."

ತಿಪ್ಪೇಶ ದಾರಿಯಲ್ಲಿ ಒಂದು ಸುಳ್ಳು ಹೊಂದಿಸಿಕೊಂಡ. ಪೈಪು ಕಟ್ಟಿಕೊಂಡಿತ್ತು, ಸೊರಬದವನು ಬಿಡಿಸಿದ ಎನ್ನುವುದು. ಆ ಸುಳ್ಳು ಅಂಗಳ ದಾಟುವ ತನಕವೂ ಬದುಕಲಿಲ್ಲ. ಚೀಲ ಇಸಿದುಕೊಂಡ ಹಾಲಮ್ಮ ಒಳಗೆ ಕೈ ಹಾಕಿ ಬಟ್ಟೆಯ ಗಂಟನ್ನು ಹೊರಗೆ ತೆಗೆದಳು.

"ಇದ್ಯಾಕೆ ವಾಪಸು ಬಂತು?"

"ಬ್ಯಾರೆ ಹಾಕ್ಸೀನಿ ಅವ್ವ. ಈಗ ನೆಟ್ಟಗೆ ನಿಲ್ತೈತೆ."

"ದೇವರಿಗೆ ತೋರಿಸ್ದೇ ಇರೋದನ್ನ ಹಾಕ್ಸೀಯಾ?" ಅವಳು ಗಂಟನ್ನು ಎದೆಗೆ ಒತ್ತಿಕೊಂಡಳು. "ಹಂಗಾದ್ರೆ ಕೂಸನ್ನ ಆ ಗಾಡಿಗೆ ನಾನೇ ಹತ್ಸಲ್ಲ. ಸಂಗೀತಾ, ನಿನ್ ಗಂಡನಿಗೆ ಹೇಳು."

ಇಷ್ಟು ದಿನ ಹೆಂಡತಿ ಬೇಡ ಎಂದಿದ್ದಳು, ಈಗ ತಾಯಿ. ಬಾಗಿಲಲ್ಲಿ ನಿಂತ ಸಂಗೀತ ಗಂಡನ ಮುಖವನ್ನೇ ನೋಡುತ್ತಿದ್ದಳು. ತಿಪ್ಪೇಶ ಜಗಲಿಯ ಮೇಲೆ ಕುಳಿತ. ಆ ಸುಳ್ಳನ್ನು ಇನ್ನು ಒಂದು ದಿನ ಹೊರಲೂ ಅವನಲ್ಲಿ ಶಕ್ತಿ ಇರಲಿಲ್ಲ.

"ಅವ್ವಾ, ಆ ಪ್ಯಾಡಿನ ಕೆಲಸ ಒಂದೇ. ಗಾಲೀನ ಗಟ್ಟಿಯಾಗಿ ಹಿಡ್ಕೋಬೇಕು. ಎಣ್ಣೆ ಹಚ್ಚಿದ ಕೈಲಿ ಕುರಿ ಮರಿ ಹಿಡಿಯಾಕೆ ಆಗ್ತೈತಾ? ಜಾರ್ತೈತೆ. ಬಲಗಡೇದು ಜಾರ್ತಿತ್ತು, ಎಡಗಡೇದು ಹಿಡೀತಿತ್ತು. ಅಷ್ಟೇ ಆಗಿದ್ದು."

ಹಾಲಮ್ಮ ಗಂಟು ಬಿಚ್ಚಿ ಪ್ಯಾಡನ್ನು ಬೆರಳಿನಿಂದ ಸವರಿದಳು. ಮೂಗಿನ ಹತ್ತಿರ ಹಿಡಿದಳು. ಕತ್ತರಿಗೆ ಎಣ್ಣೆ ಬೇಕು, ಗಾಡಿಯ ಕೀಲಿಗೆ ಎಣ್ಣೆ ಬೇಕು, ಒರಳಿಗೆ ಬೇಕು, ನೆತ್ತಿಗೆ ಬೇಕು. ಎಣ್ಣೆ ಬೇಡವೆನ್ನುವ ಸಾಮಾನೊಂದು ಲೋಕದಲ್ಲಿ ಇದೆ ಎಂದು ಅವಳಿಗೆ ಯಾರು ಹೇಳಿದ್ದರು?

"ಅವತ್ತು ಬ್ಯಾಗಿನ ಮ್ಯಾಲೆ ಗಾಲಿ ಹತ್ತಿದ್ದು..."

"ಬಿಡವ್ವ."

"ನಾನೇ ಹತ್ಸಿದ್ನಾ ಮಗಾ?"

ಸಂಗೀತ ಬಂದು ಅತ್ತೆಯ ಕೈಯಿಂದ ಪ್ಯಾಡು ತೆಗೆದುಕೊಂಡಳು. ಬಾಯಿ ಬಿಟ್ಟರೆ ಏನು ಬಂದೀತೋ ಎಂದು ಅವಳಿಗೇ ಭಯವಾಗಿ, "ಕೈ ತೊಳ್ಕಳ್ರಿ ಅತ್ತೆ, ಊಟಕ್ಕೆ ಬಡಿಸ್ತೀನಿ" ಎಂದಷ್ಟೇ ಹೇಳಿದಳು. ಹಾಲಮ್ಮ ಅಂದು ಉಣ್ಣಲಿಲ್ಲ.

ಸೋಮವಾರ ಬೆಳಿಗ್ಗೆ ತಿಪ್ಪೇಶ ಮನೆಯ ಹಿಂದಿನಿಂದ ವ್ಯಾನು ತೆಗೆದುಕೊಂಡು ಕಟ್ಟೆಯ ರಸ್ತೆಗೆ ತಿರುಗಿದ. ಎಂದಿನ ಜಾಗದಲ್ಲಿ ಮಕ್ಕಳು ಕಾಣಲಿಲ್ಲ. ಯಮುನಮ್ಮ, ಸಂಗೀತ, ಧನ್ಯಾ, ಮಿಕ್ಕ ಮಕ್ಕಳು ಎಲ್ಲರೂ ಎದುರು ಮನೆಯ ಜಗಲಿಯ ಮೇಲೆ ಒತ್ತಾಗಿ ನಿಂತಿದ್ದರು. ರಸ್ತೆಯ ಎಡಕ್ಕೆ, ಮಕ್ಕಳು ಸಾಲು ನಿಲ್ಲುವ ಜಾಗದಲ್ಲಿ, ಹಾಲಮ್ಮ ಒಬ್ಬಳೇ ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಅದರ ಮರೆಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿದ್ದಳು.

ತಿಪ್ಪೇಶ ದೂರದಲ್ಲೇ ಗೇರು ಇಳಿಸಿದ. ಹಾಲಮ್ಮ ಕೈ ಎತ್ತಿ ತಡೆದಳು.

"ಹಂಗಲ್ಲ. ಹಿಂದಕ್ಕೆ ಹೋಗು. ದಿನಾ ಬರೋ ಹಂಗೆ ಬಾ."

"ಅವ್ವಾ, ಪಕ್ಕಕ್ಕೆ ಸರಿ."

"ನಾನು ನಿಂತ ಮ್ಯಾಲೇ ಮಕ್ಳು ನಿಂತ್ಕಳ್ಳಿ. ಬಾ."

ಅವನು ಹಿಂದಕ್ಕೆ ಹೋದ. ದಿನಾ ಬರುವ ಹಾಗೆಯೇ ಬಂದ. ಅವ್ವ ಕದಲಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಬ್ರೇಕ್ ತುಳಿದ. ವ್ಯಾನು ಅವಳ ಪಕ್ಕದಲ್ಲಿ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ಗಾಳಿಗೆ ಅವಳ ಸೆರಗು ಒಂದಿಷ್ಟು ಅಲುಗಿತು.

ಹಾಲಮ್ಮ ನೆಲದ ಕಡೆ ಬಗ್ಗಿ ಗಾಲಿಯನ್ನು ನೋಡಿದಳು. ಆಮೇಲೆ ಸೆರಗಿನಿಂದ ಹರಳೆಣ್ಣೆಯ ಪುಟ್ಟ ಬಾಟಲಿ ತೆಗೆದಳು. ತಪ್ಪು ಮಾಡಿದ ಹುಡುಗಿಯ ಹಾಗೆ ಕಿಟಕಿಯ ಹತ್ತಿರ ಬಂದು, ದಿನಾ ಕಿರುಚುವ ಬಾಗಿಲನ್ನು ತೋರಿಸಿದಳು.

"ಇಲ್ಲಿಗೆ ಬಿಟ್ರೆ ಏನೂ ಆಗಲ್ವೇನಪ್ಪ?"

"ಇಲ್ಲ ಅವ್ವ. ಅಲ್ಲಿಗೆ ಬಿಡು."

ಬಾಗಿಲು ಜಾರುವ ಹಳಿಗೆ ಅವಳು ಬೆರಳಿನಿಂದ ಎಣ್ಣೆ ಸವರಿದಳು. ಸಂಗೀತ ಮಗಳನ್ನು ಕರೆದುಕೊಂಡು ಬಂದಳು. ಧನ್ಯಾ ಬಾಗಿಲು ಎಳೆದಳು. ಅದು ಸದ್ದಿಲ್ಲದೆ ತೆರೆದುಕೊಂಡಿತು. ಹತ್ತಿ ಕುಳಿತ ಮಗಳ ಮಡಿಲಲ್ಲಿ ಸಂಗೀತ ಹೊಸ ಬ್ಯಾಗನ್ನು ಇಟ್ಟಳು. ಯಮುನಮ್ಮನ ಮೊಮ್ಮಕ್ಕಳು ಧನ್ಯಾಳ ಹಿಂದೆ ಹತ್ತಿದರು.

ಬೆರಳಿನಲ್ಲಿ ಎಣ್ಣೆ ಉಳಿದಿತ್ತು. ಹಾಲಮ್ಮ ಅತ್ತಿತ್ತ ನೋಡಿ, ವ್ಯಾನು ಬಳಸಿ ಬಲಗಡೆಗೆ ಬಂದು, ಕಿಟಕಿಯೊಳಗೆ ಕೈ ಹಾಕಿ, ಅದನ್ನು ಮಗನ ನೆತ್ತಿಗೆ ಸವರಿದಳು. ಹಿಂದೆ ಮಕ್ಕಳು ಕಿಸಕ್ಕೆಂದು ನಕ್ಕರು. ತಿಪ್ಪೇಶ ತಲೆ ಬಗ್ಗಿಸಿ, ಅವಳು ತಟ್ಟಿ ಮುಗಿಸುವ ತನಕ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕುಳಿತಿದ್ದ.